ಎಡಗಣ್ಣು ಮುಚ್ಚಿ ನೋಡು

ಕೋಟು ವಾಪಸು ಬಂದದ್ದು ಮಂಗಳವಾರ ಸಂಜೆ. ಸೊಸೆ ಹೋಟೆಲಿನ ಲಾಂಡ್ರಿಯ ಕೆಲಸ ಮುಗಿಸಿ ಬಂದು, ಇನ್ನೂ ಕಾಲು ಸಹ ತೊಳೆಯದೆ, ಅಡುಗೆಮನೆಯಲ್ಲಿ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತ ನಿಂತಿದ್ದಳು.

ಆ ಮನೆಯಿಂದ ಹೋದ ಬಟ್ಟೆ ವಾಪಸು ಬರುವ ರೂಢಿಯೇ ಇರಲಿಲ್ಲ. ಅತ್ತೆ ಮೂವತ್ತೆಂಟು ವರ್ಷದಿಂದ ರಫು ಮಾಡುವವರು. ಹುಳ ತಿಂದ ಶಾಲು, ಕಿಡಿ ಬಿದ್ದ ಪ್ಯಾಂಟು, ಮೊಳೆಗೆ ಸಿಕ್ಕಿ ಹರಿದ ಕೋಟು, ಏನೇ ಬರಲಿ, ತೂತಿನ ಜಾಗದಲ್ಲಿ ಒಂದೊಂದೇ ಎಳೆ ಕೂರಿಸಿ ನೇಯ್ದು, ಅಲ್ಲಿ ತೂತು ಇದ್ದದ್ದು ನಿಜವೇ ಎಂದು ಬಟ್ಟೆಯ ಯಜಮಾನನಿಗೇ ಅನುಮಾನ ಬರುವ ಹಾಗೆ ಮಾಡಿ ಕಳಿಸುವವರು. ಮುಂದಿನ ಕೋಣೆಯ ಕಿಟಕಿ ಅವರದು. ಅದರ ಪಕ್ಕದ ಗೋಡೆಗೆ ಒರಗಿಸಿದ ಹನ್ನೊಂದು ಬೂಟಿನ ಪೆಟ್ಟಿಗೆಗಳ ತುಂಬ ದಾರದ ರೀಲುಗಳು. ಕಪ್ಪು ಎಂಬ ಒಂದು ಬಣ್ಣಕ್ಕೇ ಒಂದಿಡೀ ಪೆಟ್ಟಿಗೆ.

ಕೋಟಿನವರು ಕ್ಲಾರಿನೆಟ್ ನುಡಿಸುವವರು. ಮದುವೆ ಮನೆಯಿಂದ ಹಿಡಿದು ದೊಡ್ಡ ಸಭಾಂಗಣದವರೆಗೆ ಅದೊಂದೇ ಕಡುನೀಲಿ ಕೋಟು ಹಾಕುವ ಮನುಷ್ಯ. ಅವರು ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಮೊಳಕೈಯ ಜಾಗವನ್ನು ಬೆಳಕಿಗೆ ಹಿಡಿದರು.

"ದೀಪದ ಕೆಳಗೆ ಏನೂ ಗೊತ್ತಾಗ್ಲಿಲ್ಲಮ್ಮ. ಬಿಸಿಲಿಗೆ ಬಂದೆ ನೋಡಿ, ಪಕ್ಕದೋನು ಕೇಳ್ದ, ನಿನ್ನ ಕೈ ಮೇಲೆ ಜೀರುಂಡೆ ಕೂತಿದೆಯಲ್ಲೋ ಅಂತ."

ನೇಯ್ಗೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ನೀಲಿ ಬಟ್ಟೆಗೆ ಕಪ್ಪು ದಾರ ಬಿದ್ದಿತ್ತು.

ಅತ್ತೆ ಕೋಟನ್ನು ತಿರುಗಿಸಿ ನೋಡಿದರು. ಅವರ ಪಕ್ಕದಲ್ಲಿ ಮೊಮ್ಮಗಳು ಚೂಟಿ ಮಣೆಯ ಮೇಲೆ ಕೂತು ರೀಲು ಜೋಡಿಸುತ್ತಿದ್ದವಳು ಹಾಗೇ ತಲೆ ತಗ್ಗಿಸಿದಳು.

"ತಪ್ಪು ನಂದೇ," ಎಂದರು ಅತ್ತೆ. "ನನ್ನ ಕಣ್ಣಿಗೂ ವಯಸ್ಸಾಯ್ತು. ಬಿಟ್ಟು ಹೋಗಿ, ಬಿಚ್ಚಿ ಮಾಡ್ಕೊಡ್ತೀನಿ."

ಅಡುಗೆಮನೆಯಲ್ಲಿ ಸೊಸೆಯ ಕೈಯ ಚಾಕು ನಿಂತಿತು. ಹದಿಮೂರು ವರ್ಷದ ಸಂಸಾರದಲ್ಲಿ ಅತ್ತೆಯ ಬಾಯಿಂದ 'ತಪ್ಪು ನಂದು' ಎಂಬ ಮಾತನ್ನು ಅವಳು ಕೇಳಿದ್ದು ಇದೇ ಮೊದಲು.

ರಾತ್ರಿಯ ಊಟಕ್ಕೆ ಕೂತಾಗ ಗಂಡನಿಗೆ ಸುದ್ದಿ ತಿಳಿಯಿತು. ಅವನು ಬಸ್ಸಿನ ಡ್ರೈವರ್. ದಿನವಿಡೀ ಹಾರನ್ನಿನ ಮಧ್ಯೆ ಕೂಗಿ ಮಾತಾಡಿ ಮನೆಯಲ್ಲೂ ಅದೇ ಗಂಟಲು.

"ಅಮ್ಮ, ಶನಿವಾರ ನನಗೆ ರಜ. ಕನ್ನಡಕದ ಅಂಗಡಿಗೆ ಹೋಗೋಣ. ಇಲ್ಲ ಅನ್ನೋ ಹಾಗಿಲ್ಲ."

"ಅಯ್ಯೋ, ನಿನ್ನ ಬಸ್ಸಿನಲ್ಲಿ ಕರ್ಕೊಂಡು ಹೋಗೋದಾದ್ರೆ ನಾನು ನಡ್ಕೊಂಡೇ ಬರ್ತೀನಪ್ಪ."

"ನನ್ನ ಬಸ್ಸಿಗೇನಾಗಿದೆ?"

"ಬಸ್ಸಿಗೇನೂ ಆಗಿಲ್ಲ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ಚೂಟಿ. ಅವತ್ತು ತಟ್ಟೆಯ ಅನ್ನದಲ್ಲಿ ಬೆರಳಾಡಿಸುತ್ತ ಕೂತಿದ್ದಳು.

"ಮೂಳೆ ನೋಯ್ತಿದೆಯೇನೇ?" ಎಂದಳು ತಾಯಿ.

"ಇಲ್ಲಮ್ಮ."

ಚೂಟಿಗೆ ಈಗ ಹನ್ನೆರಡು. ಒಂಬತ್ತನೇ ವಯಸ್ಸಿನಲ್ಲಿ ಅವಳ ಕುತ್ತಿಗೆಯ ಕೆಳಗಿನ ಅಡ್ಡಮೂಳೆ ಊದಿಕೊಂಡಿತು. ಬಿದ್ದಿರಬೇಕು ಎಂದುಕೊಂಡರು. ಆಮೇಲೆ ಮೊಳಕಾಲಿನ ಕೆಳಗೆ, ಆಮೇಲೆ ಬೆನ್ನಿನಲ್ಲಿ. ಕೀವು ಎಂದರು, ಗೆಡ್ಡೆ ಎಂದರು, ಶಾಲೆ ತಪ್ಪಿಸಲು ನಾಟಕ ಎಂದವರೂ ಉಂಟು. ಕೊನೆಗೆ ದೊಡ್ಡಾಸ್ಪತ್ರೆಯ ಮೂಳೆ ಡಾಕ್ಟರು ಹೆಸರು ಹೇಳಿದರು. ಉದ್ದ ಹೆಸರು, ಅಪರೂಪದ ಕಾಯಿಲೆ. ಮೈ ಕಾಯಬೇಕಾದ ಪಡೆಯೇ ದಾರಿತಪ್ಪಿ ಮೂಳೆಯೊಳಗೆ ಉರಿ ಹಚ್ಚುವಂಥದ್ದು. ಓಟ, ಕುಣಿತ ಎಲ್ಲ ನಿಂತುಹೋಗಿ ಹುಡುಗಿ ಕಿಟಕಿಯ ಬಳಿ ಅಜ್ಜಿಯ ಪಕ್ಕ ಬಂದು ಕೂತಳು. ಕೂತವಳು ದಾರದ ಪೆಟ್ಟಿಗೆಗಳ ಸಂಗ ಹಿಡಿದಳು.

ಮೂಳೆ ಡಾಕ್ಟರು ಇನ್ನೊಂದು ಮಾತೂ ಹೇಳಿದ್ದರು. ಈ ಉರಿ ಕೆಲವು ಮಕ್ಕಳಲ್ಲಿ ಕಣ್ಣಿನೊಳಕ್ಕೂ ಹೋಗಬಹುದು, ಹೋದರೆ ಕಣ್ಣು ಕೆಂಪಾಗದೆಯೂ ಇರಬಹುದು, ನೋಯದೆಯೂ ಇರಬಹುದು, ಆದ್ದರಿಂದ ಏನೂ ಇಲ್ಲದಿದ್ದರೂ ಮೂರು ತಿಂಗಳಿಗೊಮ್ಮೆ ಕಣ್ಣಿನ ವಿಭಾಗಕ್ಕೆ ತೋರಿಸಿ ಎಂದು. ಆ ತಾರೀಕಿನ ಚೀಟಿ ಬೀರುವಿನ ಬಾಗಿಲಿಗೆ ಅಂಟಿಕೊಂಡಿತ್ತು. ಅದರ ಮೇಲೆ ಒಂದು ತಾರೀಕು ಪೆನ್ನಿನಲ್ಲಿ ಹೊಡೆದು ಇನ್ನೊಂದು ಬರೆದಿತ್ತು. ಅದನ್ನೂ ಹೊಡೆದು ಮತ್ತೊಂದು ಬರೆದಿತ್ತು. ಹೊಡೆದವಳು ಸೊಸೆಯೇ. ಹೋಟೆಲಿನಲ್ಲಿ ಸಮ್ಮೇಳನವೆಂದು ಕೋಣೆಗಳೆಲ್ಲ ಭರ್ತಿಯಾಗಿದ್ದವು. ದಿನಕ್ಕೆ ಆರುನೂರು ಹಾಸಿಗೆ ಹೊದಿಕೆ ಬೀಳುತ್ತಿತ್ತು. "ತಾರೀಕು ಬದಲಾಯಿಸೋಕ್ಕಾಗಲ್ವಾ?" ಎಂದು ಮೇಲ್ವಿಚಾರಕಿ ಎರಡು ಸಲ ಕೇಳಿದ್ದಳು, ಇವಳು ಎರಡು ಸಲವೂ ಆಗುತ್ತದೆ ಎಂದಿದ್ದಳು. ಹುಡುಗಿಯ ಕಣ್ಣು ತೊಳೆದಿಟ್ಟ ಹಾಗೆ ಬೆಳ್ಳಗಿತ್ತಲ್ಲ!

ಶನಿವಾರ ಕನ್ನಡಕದ ಅಂಗಡಿಯವನು ಅತ್ತೆಯ ಮುಖಕ್ಕೆ ಗಾಜಿನ ಮೇಲೆ ಗಾಜು ಹಾಕಿ ನೋಡಿದ. "ನಂಬರು ಬದಲಾಗಿಲ್ಲ ಅಜ್ಜಿ. ಅಕ್ಷರ ಎಲ್ಲ ಸರಿಯಾಗಿ ಓದ್ತೀರಿ. ಈ ವಯಸ್ಸಿಗೆ ನೀಲಿ ಕಪ್ಪು ವ್ಯತ್ಯಾಸ ಸ್ವಲ್ಪ ಮಸುಕಾಗೋದು ಸಹಜ," ಎಂದ.

"ನೋಡಿದ್ಯಾ? ಸಹಜ ಅಂತೆ," ಎಂದು ಅತ್ತೆ ಮಗನ ಮುಂದೆ ಹೆಮ್ಮೆಯಿಂದ ಕುರ್ಚಿ ಇಳಿದು ಬಂದರು, ಕಣ್ಣು ಕಾಣುವುದಿಲ್ಲವೆಂದು ತಾವೇ ಹೇಳಿಕೊಂಡದ್ದು ಮರೆತು. ಮನೆಮಂದಿಯೆಲ್ಲ ಸೇರಿ ಮುದುಕಿಯ ಕಣ್ಣು ತೋರಿಸಿಕೊಂಡು ಬಂದರು. ಮಗುವಿನ ಕಣ್ಣು ಯಾರಿಗೂ ನೆನಪಾಗಲಿಲ್ಲ.

ಅದು ನೆನಪಾದದ್ದು ಮರುವಾರ, ಅದೂ ಒಂದು ಸಣ್ಣ ಸಂಗತಿಯಿಂದ.

ಬಣ್ಣ ಹೊಂದಿಸಲು ಅತ್ತೆಗೆ ಒಂದು ಕ್ರಮವಿತ್ತು. ದಾರವನ್ನು ಬಟ್ಟೆಯ ಮೇಲೆ ಮಲಗಿಸು, ಕಿಟಕಿಗೆ ಬೆನ್ನು ಮಾಡು, ಎಡಗಣ್ಣು ಮುಚ್ಚು, ಬಲಗಣ್ಣಿನಿಂದ ಮಾತ್ರ ನೋಡು. ಎರಡು ಕಣ್ಣು ಬಿಟ್ಟರೆ ಒಂದಕ್ಕೊಂದು ಸಮಾಧಾನ ಹೇಳಿಕೊಂಡು ಮೋಸ ಮಾಡುತ್ತವೆ ಎಂಬುದು ಅವರ ವಾದ. ಅವರ ಗುರುವಿನಿಂದ ಬಂದ ಕ್ರಮ ಅದು. ಚೂಟಿಗೂ ಮೊದಲ ದಿನ ಹೇಳಿಕೊಟ್ಟದ್ದು ಅದನ್ನೇ. 'ಎಡಗಣ್ಣು ಮುಚ್ಚಿ ನೋಡು' ಎಂಬ ಮಾತು ಆ ಕೋಣೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತಿತ್ತು.

ಸೊಸೆ ಒಣಗಿದ ಬಟ್ಟೆಯ ರಾಶಿ ಹೊತ್ತು ಕೋಣೆ ದಾಟುತ್ತಿದ್ದಳು. ಅತ್ತೆ ಹಿತ್ತಲಲ್ಲಿದ್ದರು. ಚೂಟಿ ಒಂದು ಕಂದು ಶಾಲಿನ ಮೇಲೆ ದಾರ ಇಟ್ಟು ನೋಡುತ್ತಿದ್ದಳು, ಬಲಗಣ್ಣು ಮುಚ್ಚಿಕೊಂಡು.

"ಎಡಗಣ್ಣಲ್ವೇನೇ ಮುಚ್ಚೋದು?"

ಹುಡುಗಿ ಬೆಚ್ಚಿ ಎರಡೂ ಕಣ್ಣು ಬಿಟ್ಟಳು. "ಹಾಂ... ಹೀಗೂ ನೋಡಬಹುದು."

"ಅಜ್ಜಿ ನೋಡಿದ್ರೆ ಬೆನ್ನು ಮುರೀತಾರೆ."

"ಅಜ್ಜಿಗೆ ಹೇಳಬೇಡಮ್ಮ."

ಆ ದನಿಯಲ್ಲಿ ತುಂಟತನವಿರಲಿಲ್ಲ. ತಾಯಿ ಬಟ್ಟೆಯ ರಾಶಿಯನ್ನು ಮೆಲ್ಲಗೆ ನೆಲಕ್ಕಿಟ್ಟು, ಪೆಟ್ಟಿಗೆಯಿಂದ ಎರಡು ರೀಲು ತೆಗೆದು ಶಾಲಿನ ಮೇಲಿಟ್ಟಳು, ಒಂದು ಕಪ್ಪು, ಒಂದು ಕಡುನೀಲಿ. ಮಗಳ ಎಡಗಣ್ಣಿನ ಮೇಲೆ ತನ್ನ ಅಂಗೈ ಇಟ್ಟಳು. ಲಾಂಡ್ರಿಯ ಸೋಪಿಗೆ ಒರಟಾದ ಅಂಗೈ.

"ಯಾವುದು ನೀಲಿ?"

ಚೂಟಿ ಬಹಳ ಹೊತ್ತು ನೋಡಿದಳು.

"ಎರಡೂ ಒಂದೇ ಅಲ್ವಾ?"

ಅಂಗೈಯನ್ನು ಬಲಗಣ್ಣಿಗೆ ಬದಲಾಯಿಸಿದಳು. "ಈಗ?"

"ಎಡಗಡೆ ಇರೋದು ನೀಲಿ." ಆಮೇಲೆ, ಇನ್ನು ಬಚ್ಚಿಟ್ಟು ಪ್ರಯೋಜನವಿಲ್ಲ ಎಂಬಂತೆ, ಬಡಬಡನೆ ಹೇಳಿದಳು: "ಬಲಗಣ್ಣಿಗೆ ಎಣ್ಣೆ ಹಚ್ಚಿದ ಕಾಗದದೊಳಗಿಂದ ನೋಡಿದ ಹಾಗೆ ಕಾಣುತ್ತಮ್ಮ. ಕೋಟಿನ ದಾರ ಆರಿಸಿದ್ದು ನಾನೇ. ಅಜ್ಜಿ ನನ್ನ ಹೆಸರು ಹೇಳ್ಲಿಲ್ಲ. ಇನ್ನೊಂದು ಸಲ ಅಜ್ಜಿ ಬೈಸ್ಕೋಬಾರ್ದು ಅಂತ ಈ ಕಣ್ಣಲ್ಲಿ ನೋಡ್ತಿದ್ದೆ."

"ಮೊದಲೇ ಯಾಕೆ ಹೇಳ್ಲಿಲ್ಲ ಕಂದ?"

"ಹೇಳಿದ್ರೆ ಆಸ್ಪತ್ರೆ. ಆಸ್ಪತ್ರೆ ಅಂದ್ರೆ ನಿಂಗೆ ರಜ. ರಜ ಅಂದ್ರೆ ನೀನು ಮುಖ ಸಣ್ಣ ಮಾಡ್ಕೋತೀಯ."

ಮರುದಿನ ಬೆಳಿಗ್ಗೆ ಎಂಟಕ್ಕೆ ಅವರು ಕಣ್ಣಿನ ವಿಭಾಗದ ಬೆಂಚಿನಲ್ಲಿದ್ದರು. ಗಲ್ಲ ಇಟ್ಟು ಕೂರುವ ಯಂತ್ರದಲ್ಲಿ ಡಾಕ್ಟರಮ್ಮ ಚೂಟಿಯ ಕಣ್ಣಿನೊಳಗೆ ಬೆಳಕಿನ ಸಣ್ಣ ಸೀಳು ಬಿಟ್ಟು ನೋಡಿದರು, ಮತ್ತೆ ನೋಡಿದರು, ಆಮೇಲೆ ಕಣ್ಣಿನ ಹಿಂಭಾಗದ ಚಿತ್ರ ತೆಗೆಸಿದರು.

"ಒಳಗೆ ಉರಿಯೂತ ಇದೆ. ಅದರಿಂದ ಹಿಂದಿನ ಪರದೆಯಲ್ಲಿ, ನಮಗೆ ಸ್ಪಷ್ಟವಾಗಿ ಕಾಣೋಕೆ ಬೇಕಾದ ಜಾಗದಲ್ಲೇ, ನೀರು ತುಂಬಿ ಊದಿದೆ. ಹೊರಗಡೆ ಏನೂ ಕಾಣಲ್ಲ. ಎಷ್ಟು ದಿನದಿಂದ ಮರಿ?"

"ಒಂದು ತಿಂಗಳಾಗಿರಬಹುದು."

"ಹೇಗೆ ಗೊತ್ತಾಯ್ತು ನಿಮಗೆ?"

ಸೊಸೆ ದಾರದ ವಿಷಯ ಹೇಳಿದಳು. ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಒಳ್ಳೇ ಕೆಲಸ ಮಾಡಿದ್ರಿ. ಇನ್ನೂ ಎರಡು ಮೂರು ತಿಂಗಳು ಹೀಗೇ ಬಿಟ್ಟಿದ್ರೆ ಈ ಕಣ್ಣಿನ ಬಗ್ಗೆ ನಾನು ಬೇರೆ ಮಾತಾಡಬೇಕಾಗ್ತಿತ್ತು. ಎದ್ದಿರೋ ಹೊತ್ತೆಲ್ಲ ಗಂಟೆಗೊಂದು ಹನಿ. ಕಣ್ಣಿನ ಪಾಪೆ ಅಗಲ ಮಾಡೋಕೆ ಇನ್ನೊಂದು ಹನಿ, ಅದಕ್ಕೆ ಬೆಳಕು ಚುಚ್ಚುತ್ತೆ. ಮೂಳೆ ಡಾಕ್ಟರ ಹತ್ರ ಮಾತಾಡಿ ವಾರಕ್ಕೊಂದು ಇಂಜೆಕ್ಷನ್ ಶುರು ಮಾಡೋಣ. ದೃಷ್ಟಿ ಎಷ್ಟು ವಾಪಸು ಬರುತ್ತೆ ಅಂತ ಆರು ವಾರ ಆದ್ಮೇಲೆ ಹೇಳ್ತೀನಿ. ಈಗ ಕೇಳಬೇಡಿ."

ಮನೆಗೆ ಬರುವ ಹೊತ್ತಿಗೆ ಸೊಸೆಯ ಒಳಗಿನ ಹೆದರಿಕೆಯೆಲ್ಲ ಸಿಟ್ಟಾಗಿತ್ತು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ದಾರ ಆರಿಸಿದ್ದು ಅವಳು ಅಂತ ನಿಮಗೆ ಗೊತ್ತಿತ್ತಲ್ವಾ ಅತ್ತೆ?"

"ಗೊತ್ತಿತ್ತು."

"ಮೂರು ವರ್ಷದಲ್ಲಿ ಒಂದೂ ತಪ್ಪು ಮಾಡದ ಹುಡುಗಿ ನೀಲಿಗೆ ಕಪ್ಪು ಕೊಟ್ಳು. ಯಾಕೆ ಅಂತ ಒಂದು ಸಲ ಕೇಳಬಾರ್ದಿತ್ತಾ?"

"ಮೈ ನೋವಿತ್ತೇನೋ, ಗಮನ ಇರಲಿಲ್ಲವೇನೋ ಅಂದ್ಕೊಂಡೆ. ಅವಳ ಹೆಸರು ಹೇಳಿದ್ರೆ ನಿನ್ನ ಗಂಡ ದಾರ ಮುಟ್ಟಬೇಡ ಅಂತಿದ್ದ. ಅದೊಂದು ಬಿಟ್ರೆ ಆ ಮಗುವಿಗೆ ಇನ್ನೇನಿದೆ ಹೇಳು?"

"ಕಣ್ಣಿದೆ! ಕಣ್ಣಿತ್ತು! ಎರಡು ವಾರ ಹಾಳಾಯ್ತು. ನೀವು ದೊಡ್ಡ ಮನಸ್ಸು ಮಾಡಿ ತಪ್ಪು ಮೈಮೇಲೆ ಹಾಕ್ಕೊಂಡ್ರಿ, ನಾವೆಲ್ಲ ಹೋಗಿ ನಿಮ್ಮ ಕಣ್ಣು ತೋರಿಸ್ಕೊಂಡು ಬಂದ್ವಿ!"

"ಏ, ಸಾಕು," ಎಂದ ಗಂಡ. "ಅಮ್ಮ ಬೇಕಂತ ಮಾಡಿದ್ರಾ?"

"ನೀವು ಸುಮ್ನಿರಿ ರೀ."

ಅತ್ತೆ ಕಿಟಕಿಯ ಬಳಿ ನಿಂತಿದ್ದರು. ಅವರ ಎದುರಿಗೇ ಬೀರು. ಬೀರುವಿನ ಬಾಗಿಲ ಮೇಲೆ ಎರಡು ಸಲ ಹೊಡೆದು ಹಾಕಿದ ತಾರೀಕಿನ ಚೀಟಿ. ಅತ್ತೆಯ ದೃಷ್ಟಿ ಒಂದು ಕ್ಷಣ ಅದರ ಮೇಲೆ ಹೋದದ್ದನ್ನು ಸೊಸೆ ಕಂಡಳು. ಈಗ ಬಂತು ಎಂದುಕೊಂಡಳು. ಅತ್ತೆಯ ನಾಲಗೆ ಸಾಮಾನ್ಯದ್ದಲ್ಲ. ಸಾರಿಗೆ ಉಪ್ಪು ಕಡಿಮೆಯಾದದ್ದನ್ನು ಎರಡು ವರ್ಷ ಬಿಟ್ಟು ನೆನಪಿಸಿದವರು.

ಅತ್ತೆ ಚೂಟಿಯ ಕೈಯಿಂದ ಔಷಧದ ಚೀಲ ತೆಗೆದುಕೊಂಡು, "ಗಂಟೆಗೊಂದು ಹನಿ ಅಂದ್ರಾ? ಎಷ್ಟು ಗಂಟೆಗೆ ಹಾಕಿದ್ದು ಕೊನೇದು?" ಎಂದಷ್ಟೇ ಕೇಳಿದರು.

ಆಮೇಲಿನ ವಾರಗಳಲ್ಲಿ ಆ ಮನೆಯ ಗಡಿಯಾರ ಅತ್ತೆಯ ಕೈಗೆ ಹೋಯಿತು. ರಫು ಮಾಡುವವರು ಎಳೆಗಳ ಎಣಿಕೆ ನಡುವೆ ಏಳುವುದಿಲ್ಲ. ಎದ್ದರೆ ಯಾವ ಎಳೆ ಮೇಲೆ, ಯಾವುದು ಕೆಳಗೆ ಎಂಬುದು ತಪ್ಪಿಹೋಗುತ್ತದೆ. ಮಗನ ಮದುವೆಯ ಮಾತುಕತೆಗೆ ಬಂದವರನ್ನೇ 'ಈ ಸಾಲು ಮುಗೀಲಿ' ಎಂದು ಅರ್ಧ ಗಂಟೆ ಕೂರಿಸಿದ್ದವರು ಅವರು. ಈಗ ಗಂಟೆ ಹೊಡೆದರೆ ಸೂಜಿ ಎಲ್ಲಿತ್ತೋ ಅಲ್ಲೇ ನಿಲ್ಲುತ್ತಿತ್ತು. ಗುರುತಿಗೆ ಒಂದು ಗುಂಡುಪಿನ್ನು ಚುಚ್ಚಿ, ಕೈ ತೊಳೆದು, "ತಲೆ ಎತ್ತು ರಾಣಿ," ಎನ್ನುತ್ತಿದ್ದರು. ಸಂಜೆಗೆ ಬಟ್ಟೆಯ ತುಂಬ ಪಿನ್ನು. "ಮುಳ್ಳುಹಂದಿ ಆಯ್ತಲ್ಲಮ್ಮ ಈ ಪ್ಯಾಂಟು," ಎಂದು ಮಗ ನಕ್ಕರೆ, "ಹಾಕ್ಕೊಂಡು ಬಸ್ಸು ಓಡಿಸು, ನಿದ್ದೆ ಬರಲ್ಲ," ಎನ್ನುತ್ತಿದ್ದರು. ಬೆಳಕು ಚುಚ್ಚುತ್ತದೆಂದು ಅವನು ಕಿಟಕಿಯ ಅರ್ಧಕ್ಕೆ ದಪ್ಪ ಪರದೆ ಹಾಕಿದ. ಉಳಿದರ್ಧದ ಬೆಳಕಿನ ಪಟ್ಟಿಯಲ್ಲಿ ಅತ್ತೆ ಕೂತರು, ಕತ್ತಲ ಪಟ್ಟಿಯಲ್ಲಿ ಮೊಮ್ಮಗಳು.

ಎರಡನೇ ವಾರ ಡಾಕ್ಟರಮ್ಮ ಶಾಲೆಗೆ ಹೋಗಬಹುದು ಎಂದರು. ಹನಿ ನಿಲ್ಲುವ ಹಾಗಿರಲಿಲ್ಲ. ಅತ್ತೆ ಮಣೆ ಎತ್ತಿಕೊಂಡು ಶಾಲೆಗೇ ಹೋದರು. ತರಗತಿಯ ಹೊರಗಿನ ಮೊಗಸಾಲೆಯಲ್ಲಿ, ತೊಡೆಯ ಮೇಲೆ ಯಾರದೋ ಪ್ಯಾಂಟು ಹರಡಿಕೊಂಡು ಕೂತರು. ಮುಖ್ಯೋಪಾಧ್ಯಾಯಿನಿ ಬಂದು ಸೊಂಟಕ್ಕೆ ಕೈ ಇಟ್ಟರು.

"ಅಜ್ಜಿ, ಇಲ್ಲಿ ಹೊರಗಿನವರು ಕೂರೋ ಹಾಗಿಲ್ಲ."

"ನಾನೂ ಕೂರಲ್ಲ ತಾಯಿ. ನೀವು ಗಂಟೆಗೊಂದು ಸಲ ಕೈ ತೊಳ್ಕೊಂಡು ಬಂದು ಹನಿ ಹಾಕೋದಾದ್ರೆ ಈಗ್ಲೇ ಎದ್ದು ಹೋಗ್ತೀನಿ."

ಮುಖ್ಯೋಪಾಧ್ಯಾಯಿನಿ ಸೊಂಟದಿಂದ ಕೈ ಇಳಿಸಿ ಹೋದರು. ಮೂರನೇ ದಿನ ಬಂದಾಗ ಅವರ ಕೈಯಲ್ಲಿ ಇಲಿ ಕಡಿದ ಒಂದು ಶಾಲು ಇತ್ತು.

ಚೂಟಿಯೂ ಸಾಮಾನ್ಯದವಳಲ್ಲ. ವಾರದ ಇಂಜೆಕ್ಷನ್ನಿನ ಮರುದಿನ ಹೊಟ್ಟೆ ತೊಳೆಸಿ, ಒಣ ಬ್ರೆಡ್ಡು ಬಿಟ್ಟರೆ ಏನೂ ಇಳಿಯುತ್ತಿರಲಿಲ್ಲ. ಅದನ್ನೇ ಕಚ್ಚುತ್ತ ಅಂದಿನ ಲೆಕ್ಕ ಬಿಡಿಸುತ್ತಿದ್ದಳು. ದಿನಾ ಬೆಳಿಗ್ಗೆ ತಾನೇ ಆ ಎರಡು ರೀಲು ತಂದು ಎಡಗಣ್ಣು ಮುಚ್ಚಿ ನೋಡುತ್ತಿದ್ದಳು. "ಇವತ್ತು?" ಎಂದು ಅತ್ತೆ. "ಇವತ್ತೂ ಒಂದೇ." ರೀಲು ಪೆಟ್ಟಿಗೆಗೆ ವಾಪಸು. ಅಳು ಇಲ್ಲ, ರಗಳೆ ಇಲ್ಲ. ಹಲ್ಲುಜ್ಜಿದ ಹಾಗೆ ಅದೊಂದು ಕೆಲಸ. ಒಲೆಯ ಮುಂದೆ ತಾಯಿ ಆ ಎರಡು ಮಾತು ಮುಗಿದ ಮೇಲೆಯೇ ಸೌಟು ಹಿಡಿಯುತ್ತಿದ್ದಳು.

ಸೊಸೆ ಅತ್ತೆಯೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಮೂರನೇ ಭಾನುವಾರ ಇಬ್ಬರೂ ಹಿತ್ತಲಿನಲ್ಲಿ ದೊಡ್ಡ ಹೊದಿಕೆ ಮಡಿಸುತ್ತಿದ್ದರು. ಆಚೆ ತುದಿ ಅವರು, ಈಚೆ ತುದಿ ಇವಳು. ಲಾಂಡ್ರಿಯಲ್ಲಿ ದಿನಕ್ಕೆ ನೂರಾರು ಸಲ ಮಾಡುವ ಕೆಲಸ. ಎರಡು ಮಡಿಕೆಗೆ ಒಮ್ಮೆ ಮಡಿಸುವವರಿಬ್ಬರೂ ಎದುರೆದುರು ಬರಲೇಬೇಕು. ಹಾಗೆ ಹತ್ತಿರ ಬಂದಾಗ ಸೊಸೆ ಕೇಳಿಯೇಬಿಟ್ಟಳು:

"ತಾರೀಕು ಎರಡು ಸಲ ಮುಂದಕ್ಕೆ ಹಾಕಿದವಳು ನಾನು. ಮೊದಲ ತಾರೀಕಿಗೇ ಹೋಗಿದ್ರೆ ಇಷ್ಟೆಲ್ಲ ಆಗ್ತಾನೇ ಇರಲಿಲ್ಲ. ಅವತ್ತು ನಾನು ಅಷ್ಟು ಹಾರಾಡಿದೆ, ನೀವು ಆ ಮಾತು ಯಾಕೆ ಎತ್ತಲಿಲ್ಲ ಅತ್ತೆ?"

"ಎತ್ತಿದ್ರೆ ಮಗುವಿನ ಕಣ್ಣಿನ ಉರಿ ಇಳೀತಿತ್ತಾ?"

"ಇಲ್ಲ."

"ಮತ್ತೆ? ತುದಿ ಸರಿಯಾಗಿ ಹಿಡ್ಕೋ, ನೆಲಕ್ಕೆ ತಾಗ್ತಿದೆ."

ಸೊಸೆ ತುದಿ ಹಿಡಿದಳು. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಆದ್ದರಿಂದ ಹಾಗೇ ಬಿಟ್ಟಳು.

ಈ ಮಧ್ಯೆ ಕೋಟಿನವರು ಒಂದು ಸಲ ಬಂದು ಹೋದರು. ಕಪ್ಪು ದಾರ ಬಿಚ್ಚಿ ತೂತು ಬಾಯಿ ತೆರೆದುಕೊಂಡಿದ್ದ ಕೋಟು ಗೂಟದಲ್ಲಿ ನೇತಾಡುತ್ತಿತ್ತು.

"ಇನ್ನೂ ಆಗ್ಲಿಲ್ವಾ ಅಮ್ಮ? ತಿಂಗಳ ಕೊನೆಗೆ ನನಗೆ ಕಛೇರಿ ಇದೆ."

ಅತ್ತೆ ಸೂಜಿ ಇಟ್ಟರು. "ಒಂದು ನಿಜ ಹೇಳ್ತೀನಿ ಕೇಳಿ. ಈ ಮನೆಯಲ್ಲಿ ದಾರ ಆರಿಸೋದು ನಾನಲ್ಲ, ಮೂರು ವರ್ಷ ಆಯ್ತು. ನೀಲಿ ಕಪ್ಪು ನನಗೆ ಗೊತ್ತಾಗಲ್ಲ. ನೀವೆಲ್ಲ ನನ್ನ ಹೊಗಳಿ ಹೋಗ್ತೀರಲ್ಲ, ಅದರಲ್ಲಿ ಅರ್ಧ ಇವಳದು." ಕತ್ತಲ ಪಟ್ಟಿಯಲ್ಲಿ ಕೂತಿದ್ದ ಚೂಟಿಯನ್ನು ತೋರಿಸಿದರು. "ಅವಳ ಕಣ್ಣಿಗೆ ಔಷಧ ನಡೀತಿದೆ. ಆಗೋ ತನಕ ಆ ಕೋಟಿಗೆ ಸೂಜಿ ಹಾಕಲ್ಲ. ಬೇರೆ ಕಡೆ ಕೊಡೋದಾದ್ರೆ ಕೊಡಿ, ಬೇಜಾರಿಲ್ಲ."

ಬಾಗಿಲ ಬಳಿ ನಿಂತಿದ್ದ ಸೊಸೆಗೆ ತನ್ನ ಕಿವಿ ನಂಬಲಾಗಲಿಲ್ಲ. ಮೂವತ್ತೆಂಟು ವರ್ಷದ ಹೆಸರನ್ನು ಮುದುಕಿ ಗಿರಾಕಿಯ ಕೈಗೆ ಹೀಗೆ ಎತ್ತಿ ಕೊಟ್ಟಿದ್ದರು.

ಕ್ಲಾರಿನೆಟ್ಟಿನವರು ಹುಡುಗಿಯನ್ನು ನೋಡಿದರು, ಕೋಟನ್ನು ನೋಡಿದರು. "ಕಛೇರಿಗೆ ತಮ್ಮನ ಕೋಟು ಹಾಕ್ಕೋತೀನಿ ಬಿಡಿ. ಹೊಟ್ಟೆ ಹತ್ರ ಗುಂಡಿ ಕೂರಲ್ಲ. ಕೂತು ನುಡಿಸೋದು ತಾನೇ, ವಾದ್ಯ ಅಡ್ಡ ಇರುತ್ತೆ," ಎಂದು ಹೊರಟರು.

ಐದನೇ ವಾರದ ಗುರುವಾರ ಬೆಳಿಗ್ಗೆ ಸೊಸೆ ಮೊಟ್ಟೆ ಬೇಯಲು ಇಟ್ಟಿದ್ದಳು.

"ಇವತ್ತು?" ಎಂದರು ಅತ್ತೆ.

ಉತ್ತರ ಬರಲಿಲ್ಲ. ಸೊಸೆ ಒಲೆ ಬಿಟ್ಟು ಬಾಗಿಲಿಗೆ ಬಂದಳು. ಚೂಟಿ ಎಡಗಣ್ಣಿನ ಮೇಲೆ ಅಂಗೈ ಒತ್ತಿಕೊಂಡು ರೀಲುಗಳನ್ನು ಹತ್ತಿರ ತಂದಳು, ದೂರ ಹಿಡಿದಳು, ಕೈಯಿಂದ ಕೈಗೆ ಬದಲಾಯಿಸಿದಳು.

"ಇದು ನೀಲಿ," ಎಂದಳು. "ಗಲೀಜು ನೀಲಿ. ಆದ್ರೆ ನೀಲಿನೇ."

ಅತ್ತೆ ಮೊಮ್ಮಗಳ ನೆತ್ತಿಯ ಮೇಲೆ ಕೈ ಇಟ್ಟು ಹಾಗೇ ಕೂತರು. ಮೊಟ್ಟೆ ಒಡೆದು ನೀರೆಲ್ಲ ಬೆಳ್ಳಗಾಗಿ, ಗಂಡ ಅದನ್ನೇ ಗಂಜಿಯೆಂದು ಕುಡಿದು ಕೆಲಸಕ್ಕೆ ಹೋದ.

ಆರನೇ ವಾರ ಡಾಕ್ಟರಮ್ಮ ಚಿತ್ರ ನೋಡಿ, ಊತ ಬಹುಪಾಲು ಇಳಿದಿದೆ ಎಂದರು. ಅಕ್ಷರದ ಪಟ್ಟಿ ಓದುವಾಗ ಬಲಗಣ್ಣು ಎಡಗಣ್ಣಿಗಿಂತ ಒಂದು ಸಾಲು ಹಿಂದೆ ಇತ್ತು, ಅದು ಹಾಗೇ ಉಳಿದರೂ ಉಳಿಯಬಹುದು. ಇಂಜೆಕ್ಷನ್ ನಿಲ್ಲಿಸುವ ಹಾಗಿಲ್ಲ. ಕಾಯಿಲೆ ಮೂಳೆಗೆ ಮತ್ತೆ ಬರಬಹುದು, ಕಣ್ಣಿಗೂ ಬರಬಹುದು. "ಚೆನ್ನಾಗಿದ್ದಾಳೆ ಅನ್ನಿಸಿದಾಗಲೂ ಬರಬೇಕು. ಚೆನ್ನಾಗಿದ್ದಾಗಲೇ ಬರಬೇಕು," ಎಂದು ಮುಂದಿನ ತಾರೀಕು ಬರೆದು ಕೊಟ್ಟರು.

ಆ ವಾರವೇ ಚೂಟಿ ಕೋಟಿಗೆ ದಾರ ಆರಿಸಿದಳು. ಬಲಗಣ್ಣಿಂದ ಒಮ್ಮೆ, ಎಡಗಣ್ಣಿಂದ ಒಮ್ಮೆ.

"ಎರಡೂ ನೋಡ್ತೀನಿ ಅಜ್ಜಿ. ನಿನ್ನ ಕ್ರಮ ನಂಗೆ ಸಾಲಲ್ಲ."

"ನನ್ನ ಗುರು ಕೇಳಿಸ್ಕೊಂಡಿದ್ರೆ ನಿನ್ನ ಮಣೆ ಸಮೇತ ಹೊರಗೆ ಹಾಕ್ತಿದ್ರು," ಎಂದರು ಅತ್ತೆ. ಆದರೆ ಬೇಡವೆನ್ನಲಿಲ್ಲ.

ಕೋಟಿನವರು ಬಂದು ಬಿಸಿಲಲ್ಲಿ ನಿಂತು ತೋಳನ್ನು ಹಿಂದೆ ಮುಂದೆ ತಿರುಗಿಸಿದರು. "ಯಾವ ಕೈ ಅಮ್ಮ ಹರಿದಿದ್ದು?" ಎಂದು ಕೇಳಿದರು.

ಸಂಜೆ ಸೊಸೆ ಕೆಲಸದಿಂದ ಬಂದಾಗ ಬೀರುವಿನ ಬಾಗಿಲ ಮೇಲಿದ್ದ ಹಳೆಯ ಚೀಟಿ ಹೋಗಿತ್ತು. ಅದರ ಜಾಗದಲ್ಲಿ ಅಂಗೈಯಗಲದ ಬಿಳಿ ಬಟ್ಟೆ. ಅದರ ಮೇಲೆ ಕಣ್ಣಾಸ್ಪತ್ರೆಗೆ ಹೋಗಬೇಕಾದ ಮುಂದಿನ ತಾರೀಕು, ಕೆಂಪು ದಾರದಲ್ಲಿ, ಮುತ್ತು ಜೋಡಿಸಿದಂಥ ಹೊಲಿಗೆಯಲ್ಲಿ.

"ಇದೇನಿದು ಅತ್ತೆ?"

"ಕಾಗದದ ಮೇಲೆ ಬರೆದ್ರೆ ಪೆನ್ನಲ್ಲಿ ಹೊಡೆದು ಹಾಕಬಹುದು," ಎಂದರು ಅತ್ತೆ, ಸೂಜಿಯಿಂದ ಕಣ್ಣು ತೆಗೆಯದೆ. "ದಾರದ ಬಣ್ಣ ನಿನ್ನ ಮಗಳದು."

ಸೊಸೆ ಹೊಲಿಗೆಯ ಮೇಲೆ ಬೆರಳಾಡಿಸಿ ತಾರೀಕು ಓದಿಕೊಂಡಳು. ಮೂರು ತಿಂಗಳು ಕಳೆದು ಆ ತಾರೀಕು ಹತ್ತಿರ ಬಂತು. ಲಾಂಡ್ರಿಯಲ್ಲಿ ಮತ್ತೊಂದು ಸಮ್ಮೇಳನದ ಗಡಿಬಿಡಿ. ರಜದ ಚೀಟಿ ಹಿಡಿದು ಹೋದಾಗ ಮೇಲ್ವಿಚಾರಕಿ ತಲೆಯೆತ್ತದೆ ಕೇಳಿದಳು, "ತಾರೀಕು ಬದಲಾಯಿಸೋಕ್ಕಾಗಲ್ವಾ?"

"ಆಗಲ್ಲ ಮೇಡಂ," ಎಂದಳು ಸೊಸೆ. "ನಮ್ಮತ್ತೆ ಹೊಲಿದುಬಿಟ್ಟಿದ್ದಾರೆ."